ಯಾವ ಆಯಿ?

ಮೊನ್ನೆ ಬೆಳಿಗ್ಗೆ ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಯ ಎದುರಿನ ರಸ್ತೆಯಲ್ಲಿ ಆಡುತ್ತಿದ್ದ ಮಗುವೊಂದು ಬಿದ್ದು, "ಆಯೀ" ಎಂದು ಕೂಗಿತು. ಕೂಗಿದ್ದು ಒಂದೇ ಸಲ, ತೆರೆದದ್ದು ಎರಡು ಬಾಗಿಲು. ಎಡಗಡೆಯ ಮನೆಯಿಂದ ತರುಣಿಯೊಬ್ಬಳು ಲಟ್ಟಣಿಗೆಯನ್ನು ಕೈಯಲ್ಲಿ ಹಿಡಿದೇ ಓಡಿ ಬಂದಳು. ಬಲಗಡೆಯ ಮನೆಯಿಂದ ನನ್ನ ವಯಸ್ಸಿನ ವೃದ್ಧೆಯೊಬ್ಬರು ಗೋಡೆ ಹಿಡಿದುಕೊಂಡು ಹೊರಬಂದರು. ತರುಣಿ ಮರಾಠಿ ಮನೆಯವಳು, ಮಗುವಿನ ತಾಯಿ. ವೃದ್ಧೆ ಕನ್ನಡ ಮನೆಯವರು. ಬಿದ್ದದ್ದು ತಮ್ಮ ಮೊಮ್ಮಗಳೆಂದು ತಿಳಿದು ಬಂದವರು. ಇಬ್ಬರೂ ಮಗುವಿನ ಎರಡು ಬದಿಗೆ ಕುಳಿತು ಅದರ ಮೊಣಕಾಲನ್ನು ಪರೀಕ್ಷಿಸುತ್ತಿದ್ದರೆ, ಮಗು ಅಳುವುದನ್ನು ನಿಲ್ಲಿಸಿ ಒಬ್ಬರ ನಂತರ ಒಬ್ಬರ ಮುಖವನ್ನು ನೋಡುತ್ತಿತ್ತು.

ನಾನು ಪಡಸಾಲೆಯಲ್ಲಿ ಕುಳಿತಿದ್ದವಳು ಎದ್ದೇ ನಿಂತೆ. ಕನ್ನಡಕವನ್ನೂ ಹಾಕಿಕೊಂಡೆ. ಕಿವಿಯಿಂದ ಕೇಳಿದ ಮಾತಿಗೆ ಕನ್ನಡಕವೇಕೆ ಎಂದು ನೀವು ಕೇಳಬಹುದು. ಶಾಸನಗಳ ಕಾಲನಿರ್ಣಯ ಮಾಡುತ್ತ ಆಯುಷ್ಯ ಕಳೆದವರಿಗೆ ಕನ್ನಡಕವಿಲ್ಲದೆ ಯಾವ ಸಾಕ್ಷ್ಯವೂ ಸಾಕ್ಷ್ಯವೆನ್ನಿಸುವುದಿಲ್ಲ. ಆ ಒಂದು ಶಬ್ದ ನಮ್ಮ ಮನೆಯಲ್ಲಿ ಒಮ್ಮೆ ಮಾಡಿದ ಕೋಲಾಹಲ ಸಂಪೂರ್ಣವಾಗಿ, ಬಣ್ಣವೂ ರುಚಿಯೂ ಸಹಿತ, ನನ್ನ ಎದುರು ಬಂದು ನಿಂತಿತು. ಇದನ್ನು ಬರೆಯುತ್ತಿರುವಾಗಲೂ ಕೈ ವಿಚಾರಕ್ಕಿಂತ ಮುಂದೆ ಓಡುತ್ತಿದೆ.

ಆದರೂ ಮೊದಲು ಕಾಲನಿರ್ಣಯವಾಗಲಿ. ಊರಿನ ದಕ್ಷಿಣದ ಬಯಲಿನಲ್ಲಿ ದೇಶದ ಮಹಾಸಭೆ ಸೇರಿದ ವರ್ಷವೇ ಅದು ನಡೆದದ್ದು ಎಂದು ಅಪ್ಪ ಹೇಳುತ್ತಿದ್ದರು. ಆ ಸಭೆ ೧೯೨೪ರ ಡಿಸೆಂಬರಿನದು, ಅದರಲ್ಲಿ ಸಂಶಯವಿಲ್ಲ. ಆದರೆ ತಮ್ಮ ಬದುಕಿನ ಒಳ್ಳೆಯ ಸಂಗತಿಗಳೆಲ್ಲ ಅದೇ ವರ್ಷ ನಡೆದವೆಂಬುದು ಅಪ್ಪನ ದೃಢವಾದ ನಂಬಿಕೆ. ನಾನು ಹುಟ್ಟಿದ್ದನ್ನೂ ಒಮ್ಮೆ ಆ ವರ್ಷಕ್ಕೇ ಸೇರಿಸಿದ್ದರು. ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಆ ಸಭೆ ನೋಡಲು ಹೋಗಿದ್ದನ್ನು ಅದೇ ಉಸಿರಿನಲ್ಲಿ ವರ್ಣಿಸಿದ್ದರು. ಅವ್ವನ ಸಾಕ್ಷ್ಯ ಹೆಚ್ಚು ಗಟ್ಟಿ. ನನ್ನ ಕಾಕಾನ ಲಗ್ನಪತ್ರಿಕೆ ಬರೆಸುವಾಗ ಸಂವತ್ಸರದ ಹೆಸರಿಗಾಗಿ ನನ್ನ ಅಜ್ಜಿ ತಕರಾರು ತೆಗೆದದ್ದು ಅವ್ವನಿಗೆ ನೆನಪಿತ್ತು. ಆ ಸಂವತ್ಸರದ ಹೆಸರು ಕ್ಷಯ. ಮಂಗಳಕಾರ್ಯದ ಪತ್ರಿಕೆಯಲ್ಲಿ ಕ್ಷಯ ಎಂದು ಬರೆದರೆ ಮನೆತನ ಉಳಿಯುವುದು ಹೇಗೆ? "ಮುಂದೊಂದು ಅ ಹಚ್ಚಿ ಬರೀರಿ" ಎಂದು ಅಜ್ಜಿ ಪುರೋಹಿತರಿಗೆ ಅಪ್ಪಣೆ ಮಾಡಿ ಅದನ್ನು ಅಕ್ಷಯ ಮಾಡಿಸಿದ್ದರಂತೆ. ಪಂಚಾಂಗಗಳನ್ನು ತೆಗೆದು ನೋಡಿದ್ದೇನೆ. ಕ್ಷಯ ಸಂವತ್ಸರ ೧೯೨೬ರ ಯುಗಾದಿಯಿಂದ ೧೯೨೭ರ ಯುಗಾದಿಯವರೆಗೆ. ಲಗ್ನವಾದದ್ದು ಮಾಘದಲ್ಲಿ. ಆದ್ದರಿಂದ ನಾನು ಹೇಳಹೊರಟಿರುವ ಸಕ್ಕರೆಯ ಪ್ರಸಂಗ ೧೯೨೬ರ ದೀಪಾವಳಿಯ ನಂತರದ್ದು. ನನಗಾಗ ಎಂಟು ತುಂಬಿತ್ತು. ಅಪ್ಪ ಸೋತರು, ಅವ್ವ ಗೆದ್ದಳು. ಮನೆಯಲ್ಲಿ ನಡೆಯುತ್ತಿದ್ದದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ನಮ್ಮ ಮನೆ ಆಗ ಖಡೇಬಜಾರಿನ ಹಿಂದಿನ ಓಣಿಯಲ್ಲಿತ್ತು. ಅಪ್ಪನದು ಕನ್ನಡ ಮನೆ. ಅವ್ವ ಖಾನಾಪುರದ ಮರಾಠಿ ಮನೆಯ ಮಗಳು. ಜಾತಿ ಒಂದೇ, ಪಂಚಾಂಗ ಒಂದೇ, ಏಕಾದಶಿಯ ಉಪವಾಸವೂ ಒಂದೇ. ಮಾತು ಬೇರೆ, ಸಾರು ಬೇರೆ. ಹಿತ್ತಲ ಗೋಡೆಯ ಆಚೆ ಅರಿವೆ ವ್ಯಾಪಾರದ ಹುಸೇನ ಚಾಚಾನ ಮನೆ. ಅವರ ಮನೆಮಾತು ದಖ್ಖನಿ ಉರ್ದು. ಹೀಗಾಗಿ ನಾನು ಬೆಳೆದದ್ದು ಒಂದು ಗೋಡೆ, ಎರಡು ಒಲೆ, ಮೂರು ಮಾತುಗಳ ನಡುವೆ. ಅವ್ವ ಅಕ್ಕಿ ಅಳೆಯುವಾಗ ಎಣಿಸುತ್ತಿದ್ದದ್ದು ಮರಾಠಿಯಲ್ಲಿ. ಅಳತೆ ತಪ್ಪಿಸಿದ ನನ್ನನ್ನು ಬಯ್ಯುತ್ತಿದ್ದದ್ದು ಕನ್ನಡದಲ್ಲಿ. ಲೆಕ್ಕ ತವರಿನದು, ಸಿಟ್ಟು ಅತ್ತೆಮನೆಯದು ಎಂದು ನಾನು ಬಹುಕಾಲ ತಿಳಿದಿದ್ದೆ.

ಅಡುಗೆಮನೆಯಲ್ಲಿ ಒಂದು ಒಪ್ಪಂದ ಏರ್ಪಟ್ಟಿತ್ತು. ಖಾನಾಪುರದ ಆಮಟಿ ಎಂಬ ಬೇಳೆಸಾರಿಗೆ ಬೆಲ್ಲ ಬೀಳಲೇಬೇಕು; ಅಜ್ಜಿಯ ಸಾರಿಗೆ ಬೆಲ್ಲ ತಾಕಕೂಡದು. ಮದುವೆಯಾಗಿ ಬಂದ ಹೊಸದರಲ್ಲಿ ಅವ್ವ ಇದಕ್ಕಾಗಿ ಅತ್ತದ್ದೂ ಉಂಟಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಬೆಲ್ಲವನ್ನು ಪುಡಿಮಾಡಿ ಒಂದು ಬಟ್ಟಲಲ್ಲಿ ಪಂಕ್ತಿಯ ನಡುವೆ ಇಡುವ ಪದ್ಧತಿ ಬಂದಿತ್ತು. ಬೇಕಾದವರು ತಮ್ಮ ಎಲೆಯಲ್ಲಿ ಕಲಸಿಕೊಳ್ಳಬೇಕು. ಅಪ್ಪ ಅಜ್ಜಿಯ ಎದುರು ಮುಟ್ಟುತ್ತಿರಲಿಲ್ಲ, ಅಜ್ಜಿ ಕೈ ತೊಳೆಯಲು ಎದ್ದಾಗ ಬಟ್ಟಲು ಅರ್ಧವಾಗುತ್ತಿತ್ತು. ಬೇರೆ ಮನೆಗಳಲ್ಲಿಯೂ ಹೀಗೆಯೇ ಬೆಲ್ಲವನ್ನು ಬೇರೆ ಇಡುತ್ತಾರೆಂದು ತಿಳಿದು ನಾನು ನೆಂಟರ ಮನೆಯಲ್ಲಿ ಬಟ್ಟಲು ಕೇಳಿ ನಗೆಪಾಟಲಾಗಿದ್ದೇನೆ.

ಇನ್ನು ಸಂಬೋಧನೆಗಳು. ಅಜ್ಜಿಯನ್ನು ನಾವು ಮೊಮ್ಮಕ್ಕಳು ಕರೆಯುತ್ತಿದ್ದದ್ದು ಆಯಿ ಎಂದು. ಈ ಸೀಮೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿಯೇ. ನಮ್ಮಿಂದ ಕೇಳಿ ಅವ್ವನೂ, ಗೋಡೆಯಾಚೆಯ ಚಾಚಾ, ಚಾಚಿಯೂ, ಕೊನೆಗೆ ಇಡೀ ಓಣಿಯವರೂ ಅವರನ್ನು ಆಯಿ ಎನ್ನುತ್ತಿದ್ದರು. ಖಾನಾಪುರದಲ್ಲಿ ಮಾತ್ರ ಆಯಿ ಎಂದರೆ ಹೆತ್ತ ತಾಯಿ. ಇದು ತಿಳಿದಿದ್ದೂ ಯಾರೂ ಇದನ್ನು ಯೋಚಿಸಿರಲಿಲ್ಲ. ಅವ್ವನ ತಂಗಿ ಕಮಲ ಮಾವಶಿ ಶಿಕ್ಷಕಿಯರ ತರಬೇತಿಗೆಂದು ಬೆಳಗಾವಿಗೆ ಬಂದು ನಮ್ಮಲ್ಲಿಯೇ ಎರಡು ವರ್ಷ ಉಳಿದಾಗ ವಿಷಯ ಚರ್ಚೆಗೆ ಬಂತು. ಮಾವಶಿ ತನ್ನ ಅಕ್ಕನನ್ನು, ಅಂದರೆ ನಮ್ಮವ್ವನನ್ನು, ಮರಾಠಿಯ ರೂಢಿಯಂತೆ "ತಾಈ" ಎನ್ನುತ್ತಿದ್ದಳು. ಆಯಿಯ ಕಿವಿಗೆ ಅದು ತಾಯಿ.

"ಅಕ್ಕಗ ತಾಯಿ ಅಂತಾಳ, ತಾಯಿಗೆ ಆಯಿ ಅಂತಾಳ" ಎಂದು ಆಯಿ ಹಿತ್ತಲ ಗೋಡೆಗೆ ಒರಗಿ ಚಾಚಿಗೆ ವರದಿ ಒಪ್ಪಿಸಿದರು. "ಖಾನಾಪುರದಾಗ ಎಲ್ಲಾರಿಗೂ ಒಂದೊಂದು ತಲಿಮಾರು ಬಡ್ತಿ ಸಿಕ್ಕದ ನೋಡು."

"ನಮ್ಮ ಹುಡುಗ್ರು ಅಕ್ಕಗ ಆಪಾ ಅಂತಾವ್ರಿ, ಆಯಿ" ಎಂದಳು ಚಾಚಿ.

"ಅದನ್ನಂತೂ ಕೇಳಬ್ಯಾಡ. ನೀವು ಹೆಣ್ಣುಹುಡುಗೀನ ಅಪ್ಪನ್ನ ಮಾಡೀರಿ."

ಚಾಚಿ ನಗುತ್ತ ಗೋಡೆಯ ಮೇಲಿನ ಹಪ್ಪಳವನ್ನು ಮಗುಚಿ ಹಾಕಿದಳು. ನೀವು ಗಮನಿಸಬೇಕು: ಭಾಷಾಶಾಸ್ತ್ರವನ್ನು ನಾನು ಮುಂದೆ ದೊಡ್ಡ ದೊಡ್ಡ ಗ್ರಂಥಾಲಯಗಳಲ್ಲಿ ಓದಿದೆ, ಆದರೆ ಶಬ್ದಗಳು ಊರಿಂದ ಊರಿಗೆ ಹೋಗುವಾಗ ಒಂದು ತಲೆಮಾರು ಜಾರುತ್ತವೆ ಎಂಬ ಸಿದ್ಧಾಂತವನ್ನು ಮೊದಲು ಮಂಡಿಸಿದವರು ನಮ್ಮ ಆಯಿ.

ಕಮಲ ಮಾವಶಿಯ ಮೇಲೆ ಆಯಿಗೆ ದ್ವೇಷವೇನೂ ಇರಲಿಲ್ಲ. ಅವಳ ಮಾತಿನ ವೇಗ ಮಾತ್ರ ಅವರಿಗೆ ಸೇರುತ್ತಿರಲಿಲ್ಲ. "ಕಮಲಾಬಾಯಿಗೆ ಹೆಸರಿನಾಗೊಂದು ಬಾಯಿ, ಮಾರಿಮ್ಯಾಲೊಂದು ಬಾಯಿ. ಎರಡೂ ತೆರದ ಇರ್ತಾವ" ಎನ್ನುತ್ತಿದ್ದರು. ಆ ಎರಡು ಬಾಯಿಗಳ ಮಾತನ್ನು ಎಷ್ಟು ಕೇಳಿದರೂ ದಣಿಯದಿದ್ದವರು ಅಪ್ಪನ ತಮ್ಮ, ಶ್ರೀಪಾದ ಕಾಕಾ. ಕಾಕಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮಿತಭಾಷಿ. ಮಾವಶಿ ಬಂದ ಮೊದಲ ವರ್ಷ ಅವಳು ಮರಾಠಿಯಲ್ಲಿ ಕೇಳಿದ್ದಕ್ಕೆ ಅವರು ಕನ್ನಡದಲ್ಲಿ ಉತ್ತರಿಸುತ್ತಿದ್ದರು. ಎರಡನೆಯ ವರ್ಷ ಅವಳು ಕನ್ನಡದಲ್ಲಿ ಕೇಳುತ್ತಿದ್ದಳು, ಅವರು ಮರಾಠಿಯಲ್ಲಿ ಉತ್ತರಿಸುತ್ತಿದ್ದರು. ಇದರ ಅರ್ಥ ನನಗೆ ತಿಳಿಯಲಿಲ್ಲ. ಅವ್ವನಿಗೆ ಚೆನ್ನಾಗಿ ತಿಳಿದಿತ್ತು. ತರಬೇತಿ ಮುಗಿಸಿ ಮಾವಶಿ ಖಾನಾಪುರದ ಶಾಲೆಗೆ ಶಿಕ್ಷಕಿಯಾಗಿ ಹೋದ ಮೇಲೆ ಕಾಕಾ ಅಪ್ಪನ ಎದುರು ನಿಂತು, ಲಗ್ನವಾದರೆ ಕಮಲೆಯನ್ನೇ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರು.

ಅಪ್ಪ ಅದನ್ನು ಆಯಿಗೆ ತಿಳಿಸಿದರು. ಆಯಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವರ ಮೌನಕ್ಕೆ ಕಾರಣವಿತ್ತು. ಆಯಿಯ ಒಬ್ಬಳೇ ಮಗಳು ರಮಾ ಅತ್ತೆಯನ್ನು ಗೋಕಾಕದಲ್ಲಿದ್ದ ಆಯಿಯ ತಮ್ಮನಿಗೇ ಕೊಟ್ಟಿತ್ತು. ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ಸೋದರಮಾವನನ್ನು ಮದುವೆಯಾಗುವುದು ತೀರ ಸಹಜ. ಹಾಗೆಯೇ ರಮಾ ಅತ್ತೆಯ ಮಗಳು ಗಂಗೆ ದೊಡ್ಡವಳಾದ ಮೇಲೆ ತನ್ನ ಸೋದರಮಾವನಾದ ಶ್ರೀಪಾದ ಕಾಕಾನ ಕೈಹಿಡಿದು ನಮ್ಮ ಮನೆಗೆ ಬರಬೇಕೆಂದು ತೊಟ್ಟಿಲಲ್ಲಿಯೇ ಮಾತಾಗಿತ್ತು. ಗಂಗೆ ಇನ್ನೂ ನಾಲ್ಕನೆಯ ಇಯತ್ತೆಯಲ್ಲಿ ಓದುತ್ತ, ಕಾಕಾ ಹೋದಾಗಲೆಲ್ಲ ಅವರ ಕಿಸೆಗೆ ಕೈಹಾಕಿ ಪೆಪ್ಪರ್‌ಮಿಂಟು ಹುಡುಕುತ್ತಿದ್ದ ಹುಡುಗಿ. ಆದರೆ ಮಾತು ಮಾತೇ.

ನಿವೃತ್ತಿಯ ನಂತರ ನಾನು ಮೂರೂ ಮನೆಗಳ ವಂಶಾವಳಿ ಬರೆಯಲು ಕುಳಿತು ದಿನಗಟ್ಟಲೆ ಊಟ ಮರೆತಿದ್ದೇನೆ. ಖಾನಾಪುರದ್ದು ನೆಟ್ಟಗೆ ಮರದಂತೆ ಬಂತು. ಹೆಣ್ಣುಮಕ್ಕಳ ಕೊಂಬೆಗಳು ದೂರ ದೂರ ಚಾಚಿಕೊಂಡವು. ಚಾಚಾನ ಮನೆಯದು ಆಲದ ಮರ. ಅಣ್ಣನ ಮಗ ತಮ್ಮನ ಮಗಳನ್ನು ಲಗ್ನವಾಗಿ, ಬಿಟ್ಟ ಬಿಳಲು ಅದೇ ಬುಡಕ್ಕೆ ಇಳಿದಿತ್ತು. ನಮ್ಮದು ಮಾತ್ರ ಮರವಾಗಲು ಒಪ್ಪಲಿಲ್ಲ. ಗೋಕಾಕದ ಅಜ್ಜನನ್ನು ಆಯಿಯ ತಮ್ಮನೆಂದು ಮೇಲೆ ಬರೆಯಬೇಕು, ಅಳಿಯನೆಂದು ಕೆಳಗೆ ಬರೆಯಬೇಕು. ಗೆರೆಗಳು ಹೆರಳಿನಂತೆ ಒಂದರೊಳಗೊಂದು ಹಾದು ಹೆಣೆದುಕೊಂಡವು. ಮೂರು ಹಾಳೆಗಳನ್ನೂ ಮೇಜಿನ ಮೇಲೆ ಹರಡಿ ನೋಡಿದಾಗ ನನಗಾದ ಹಿಗ್ಗು ಯಾವ ಶಾಸನ ಸಿಕ್ಕಾಗಲೂ ಆಗಿರಲಿಲ್ಲ. ಒಂದು ಗೋಡೆಯ ಆಚೀಚೆ ಬದುಕಿದ ಜನ, ಮದುವೆಗೆ ಯಾರು ಸಲ್ಲುತ್ತಾರೆ, ಯಾರು ಸಲ್ಲುವುದಿಲ್ಲ ಎಂಬುದರಲ್ಲಿ ಎಷ್ಟು ಬೇರೆ.

ಆ ಬೇರೆತನ ಪರಸ್ಪರ ಗಾಬರಿಯನ್ನೂ ಹುಟ್ಟಿಸುತ್ತಿತ್ತು. ಆಯಿ ಚಾಚಿಯ ಬಳಿ ತಮ್ಮ ಸಂಕಟವನ್ನು ಹೇಳಿಕೊಂಡ ದಿನ ನಾನು ಗೋಡೆಯ ಬುಡದಲ್ಲಿ ಗಜಗ ಆಡುತ್ತಿದ್ದೆ.

"ತೋಬಾ, ಆಯಿ" ಎಂದಳು ಚಾಚಿ. "ಮಾಮೂ ಅಂದ್ರ ತಾಯಿ ಇದ್ದಂಗ್ರಿ. ಮಾಮೂಗ ಹುಡುಗೀನ ಹೆಂಗ ಕೊಡ್ತೀರಿ?"

"ನೀವು ಅಣ್ಣನ ಮಗಗ ತಮ್ಮನ ಮಗಳನ್ನ ತಂದೀರಲ್ಲ? ನಮ್ಮೊಳಗ ಅವರು ಅಣ್ಣ ತಂಗಿ. ನಾ ಏನರ ಅಂದೇನೇನು?"

"ಅದರಾಗ ಏನ್ತಪ್ಪೈತ್ರಿ? ಮನಿ ಹುಡುಗಿ ಮನ್ಯಾಗ ಉಳೀತೈತಿ."

ಆಯಿ ಗೋಡೆಯ ಹತ್ತಿರಕ್ಕೆ ಸರಿದರು. "ನಾನೂ ಅದನ್ನ ಅಂತೇನಿ. ನಮ್ಮ ರಮಾ ಹೋದ ಮನಿಯಿಂದ ಅಕಿ ಮಗಳು ತಿರುಗಿ ಬಂದ್ರ, ರಮಾನೂ ಬಂದಂಗ. ಇಲ್ಲಂದ್ರ ನಾ ಹೋದಮ್ಯಾಲೆ ಅಕಿಗೆ ಈ ಮನ್ಯಾಗ ಯಾರದಾರ?"

ದೀಪಾವಳಿ ಮುಗಿದ ಮೇಲೆ ಖಾನಾಪುರದಲ್ಲಿ ಅವ್ವನ ಅಣ್ಣನ ಮಗುವಿಗೆ ತೊಟ್ಟಿಲು ಹಾಕುವ ಸಮಾರಂಭ ಬಂತು. ನನ್ನ ತಮ್ಮನಿಗೆ ಜ್ವರವಿದ್ದದ್ದರಿಂದ ಅವ್ವನಿಗೆ ಹೋಗಲಾಗಲಿಲ್ಲ. ನಮ್ಮ ಕಡೆಯಿಂದ ಆಯಿ ಓಣಿಯ ಇನ್ನೊಬ್ಬರನ್ನು ಜತೆ ಮಾಡಿಕೊಂಡು ರೈಲಿನಲ್ಲಿ ಹೋಗಿ ಸಂಜೆಗೆ ಮರಳಿದರು. ಅಲ್ಲಿ ಕಮಲೆಯ ಮಾತು ಬಂತೇ, ಏನಾಯಿತು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಆಯಿಯೂ ಏನೂ ಹೇಳಲಿಲ್ಲ.

ಆ ವಾರದ ಸಂತೆಗೆ ಹುಸೇನ ಚಾಚಾ ಎಂದಿನಂತೆ ಅರಿವೆಯ ಗಂಟುಗಳನ್ನು ಗಾಡಿಯಲ್ಲಿ ಹೇರಿಕೊಂಡು, ಪೀರನವಾಡಿಯ ಮೇಲಿಂದ ಖಾನಾಪುರಕ್ಕೆ ಹೋದ. ಮರುದಿನ ಮಧ್ಯಾಹ್ನ ಮರಳಿದವನು ಮನೆಗೂ ಹೋಗದೆ ನೇರವಾಗಿ ನಮ್ಮ ಕಟ್ಟೆಗೆ ಬಂದ. ಆಯಿ ಮಠಕ್ಕೆ ಪುರಾಣ ಕೇಳಲು ಹೋಗಿದ್ದರು. ಅಪ್ಪ, ಕಾಕಾ ಪಡಸಾಲೆಯಲ್ಲಿದ್ದರು. ಅವ್ವ ಒಳಗೆ ಒಲೆಯ ಮುಂದೆ.

"ಸಂತ್ಯಾಗ ಕಮಲಾಬಾಯಿ ಸಿಕ್ಕಿದ್ಲರಿ" ಎಂದ ಚಾಚಾ. "ತಾಯಿಗೆ ಹೇಳ್ರಿ ಅಂತ ಒಂದು ಮಾತು ಹೇಳಿ ಕಳಿಸ್ಯಾಳ. ಆಯಿ ಹೂಂ ಅಂದಾರಂತ."

ಕಾಕಾನ ಕೈಯಲ್ಲಿದ್ದ ಪೆನ್ಸಿಲು ನೆಲಕ್ಕೆ ಬಿತ್ತು. ಅಪ್ಪ ಎದ್ದು ನಿಂತರು. "ಹೂಂ ಅಂದಾಳ? ನಮ್ಮವ್ವ? ಖಾನಾಪುರಕ್ಕ ಹೋಗಿ ಹೂಂ ಅಂದು ಬಂದು ಇಲ್ಲೆ ಮಾರಿ ಬಿಗದ್ಕೊಂಡು ಕುಂತಾಳಲ್ಲ." ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಮತ್ತ ತಾಯಿಗೆ ಹೇಳ್ರಿ ಅಂತ ಬ್ಯಾರೆ. ಹೂಂ ಅಂದಾಕಿನ ತಾಯಿ, ಅಕಿಗೇನು ಹೇಳೂದು?"

"ಅದು ನನಗೂ ತಿಳೀಲಿಲ್ರಿ" ಎಂದ ಚಾಚಾ. ಅವನು ವ್ಯಾಪಾರದಲ್ಲಿ ಕಟ್ಟುನಿಟ್ಟಿನವನು. ಕಟ್ಟಿಕೊಟ್ಟ ಗಂಟನ್ನು ಬಿಚ್ಚದೆ ತಲುಪಿಸುವಂತೆ ಹೇಳಿಕಳಿಸಿದ ಮಾತನ್ನೂ ಬಿಚ್ಚದೆ ತಲುಪಿಸುತ್ತಿದ್ದ.

ಮುಂದಿನದೆಲ್ಲ ಬೆಂಕಿ ಹತ್ತಿದ ವೇಗದಲ್ಲಿ ನಡೆಯಿತು. ಕಾಕಾ ಟೋಪಿಯಿಲ್ಲದೆ ಬಜಾರಿಗೆ ಓಡಿದರು. ಬೆಳಗಾವಿಯಲ್ಲಿ ಆ ಕಾಲಕ್ಕೆ ಹೈಸ್ಕೂಲು ಮಾಸ್ತರರು ಬರಿದಲೆಯಲ್ಲಿ ಓಡಿದರೆ ಜನ ಯಾರ ಮನೆಯಲ್ಲಿ ಏನಾಯಿತೆಂದು ಹೊರಗೆ ಬರುತ್ತಿದ್ದರು, ಬಂದರು. ಸಕ್ಕರೆಯ ಪುಡಿಕೆಗಳು ಬಂದವು, ಕುಂದಾ ಬಂತು. ಹಿತ್ತಾಳೆಯ ದೊಡ್ಡ ತಟ್ಟೆಯನ್ನು ಅಪ್ಪ ನನ್ನ ಕೈಗೆ ಕೊಟ್ಟರು. ನಾನು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಪ್ರತಿ ಬಾಗಿಲಲ್ಲೂ ನಿಂತು, "ಕಾಕಾನ ಲಗ್ನ, ಆಯಿ ಹೂಂ ಅಂದಾರ" ಎಂದು ಸಾರಿದೆ. ಚಾಚಿ ಒಂದು ಹಿಡಿ ಸಕ್ಕರೆಯನ್ನು ನನ್ನ ಬಾಯಿಗೇ ಸುರಿದಳು. ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದ ಮೇಲೆ ಯಾವ ಲಗ್ನವೂ ಮುರಿದದ್ದಿಲ್ಲ. ಈ ಎಲ್ಲ ಸಡಗರದ ನಡುವೆ ಅವ್ವ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ, ಒಂದು ಮಾತೂ ಆಡಲಿಲ್ಲ. ರೊಟ್ಟಿಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು.

ಆಯಿ ಮಠದಿಂದ ಮರಳಿ ಓಣಿಯ ತಿರುವಿಗೆ ಬಂದಾಗ ಮೊದಲ ಮನೆಯವರು ಅವರ ಕೈಗೆ ಸಕ್ಕರೆ ಹಾಕಿ, "ಛಲೋ ಕೆಲಸಾ ಮಾಡಿದ್ರಿ ಆಯಿ, ನೀವು ಹೂಂ ಅಂದದ್ದು" ಎಂದರು. ಎರಡನೆಯ ಮನೆಯವರೂ ಹಾಗೆಯೇ ಎಂದರು. ತಮ್ಮ ಸಕ್ಕರೆಯನ್ನೇ ತಾವು ಸ್ವೀಕರಿಸುತ್ತ, ಸೆರಗಿನ ತುದಿಯಲ್ಲಿ ಅದನ್ನು ಕೂಡಿಹಾಕುತ್ತ ಆಯಿ ಮನೆಗೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರು.

"ನಾ ಏನಂದೀನಿ?"

"ಹೂಂ ಅಂದೀಯಲ್ಲವ್ವಾ, ಖಾನಾಪುರದಾಗ" ಎಂದರು ಅಪ್ಪ.

"ಖಾನಾಪುರದಾಗ ನಾ ಮೂರು ಮಾತು ಆಡೀನಿ. ಕೂಸು ಛಲೋ ಅದ ಅಂದೆ. ಆಮಟಿಗೆ ಬೆಲ್ಲ ಭಾಳ ಆತು ಅಂದೆ. ಗಾಡಿಗೆ ಹೊತ್ತಾತು ಅಂದೆ. ಇದರಾಗ ಹೂಂ ಎಲ್ಲೆ ಬಂತು?"

ಅಪ್ಪ ಹಿತ್ತಲಿಗೆ ಓಡಿದರು. ಚಾಚಾನನ್ನು ಗೋಡೆಯ ಮೇಲಿಂದ ಕೂಗಿ ಕರೆದರು. ಚಾಚಾ ಬಂದು ಅಂಗಳದಲ್ಲಿ ನಿಂತ.

"ಕಮಲಿ ಏನಂದ್ಲು? ಅಕಿ ಮಾತಿನಾಗ ಹೇಳು" ಎಂದರು ಆಯಿ.

"ಆಯೀನೆ ಹೋ ಮ್ಹಟಲಂ, ಅಂದ್ಲರಿ. ಒಂದಕ್ಷರ ಹೆಚ್ಚಿಲ್ಲ, ಕಡಿಮಿಲ್ಲ."

"ಯಾವ ಆಯಿ?"

ಹಾಗೆಂದು ಆಯಿ ನಿಧಾನವಾಗಿ ಅಡುಗೆಮನೆಯ ಕಡೆ ತಿರುಗಿದರು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

"ನಮ್ಮ ಕಡೆ ಹೆತ್ತಾಕಿಗೆ ಆಯಿ ಅಂತಾರ್ರಿ" ಎಂದಳು.

"ಅಂದ್ರ ನಿಮ್ಮವ್ವ ಹೂಂ ಅಂದಾಳ."

"ಹೌದ್ರಿ. ತಾಯಿಗೆ ಹೇಳ್ರಿ ಅಂದದ್ದು ನನಗರಿ."

"ಚಾಚಾ ಹೇಳಿದಾಗ ನಿನಗ ತಿಳೀತು."

"ತಿಳೀತ್ರಿ."

"ಮತ್ತ ಯಾಕ ಸುಮ್ಮನ ಕುಂತಿ?"

"ನನ್ನ ಯಾರೂ ಕೇಳಲಿಲ್ರಿ. ಎಲ್ಲಾರೂ ಸಕ್ಕರಿ ತರಾಕ ಓಡಿದ್ರು." ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಅತ್ತೆಯ ಎದುರು ಅವಳು ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ನನಗ ಇಬ್ಬರು ಆಯಿ ಅದಾರ್ರಿ. ಒಬ್ಬಾಕಿ ಹೂಂ ಅಂದಾಳ. ಇನ್ನೊಬ್ಬರು ಇನ್ನ ಅನ್ನಬೇಕಾಗೇದ."

ಆಯಿ ಸೆರಗಿನಲ್ಲಿದ್ದ ಸಕ್ಕರೆಯನ್ನು ನೋಡಿದರು. "ಓಣಿ ಎಲ್ಲಾ ತಿಂದು ಕುಂತದ. ಒಲ್ಲೆ ಅಂದ್ರ ತಿರುಗಿ ಕೊಡಾಕ ಬರ್ತಾರೇನು?" ಎಂದರು. ಚಾಚಾ ನಕ್ಕ, ಆಯಿ ನಗಲಿಲ್ಲ. "ನಿಮಗ ಇದು ಒಂದು ಲಗ್ನ. ನನಗ ಮಗಳು. ಗೋಕಾಕಕ್ಕ ಯಾರು ಹೇಳೋರು?"

"ನಾನ ಹೋಗ್ತೇನಿ" ಎಂದರು ಕಾಕಾ.

ಕಾಕಾ ಮರುದಿನ ಹೋದರು, ಎರಡು ದಿನಕ್ಕೆ ಮರಳಿದರು. ಹಿಂದೆ ರಮಾ ಅತ್ತೆಯೂ, ಗಂಗೆಯೂ. ಅತ್ತೆ ತವರಿಗೆ ಬಂದರೆ ಬಾಗಿಲಲ್ಲಿಯೇ ನಗೆ ಕೇಳುತ್ತಿತ್ತು. ಅಂದು ಅಂಗಳದಲ್ಲಿ ನಿಂತೇ ಇದ್ದಳು. ಅವ್ವ ಕಾಲಿಗೆ ನೀರು ತಂದಿಟ್ಟರೆ ಅದರ ಕಡೆ ನೋಡಲಿಲ್ಲ.

"ಓಣಿ ಮಂದಿಗೆಲ್ಲಾ ಸಕ್ಕರಿ. ಗೋಕಾಕಕ್ಕ ಬರೇ ಮಾತು" ಎಂದಳು. ಕಾಕಾನ ಕಡೆ ತಿರುಗಿದಳು. "ನನ್ನ ಮಗಳು ಬ್ಯಾಡ ಅನ್ನಾಕ ನಿನಗ ಇಷ್ಟು ವರ್ಷ ಬೇಕಾತೇನೋ?"

"ಅಕ್ಕಾ, ಗಂಗಿ ನನ್ನ ಮಾಮಾ ಅಂತಾಳ. ಅಕಿ ಹಾಲುಹಲ್ಲು ಮಾಳಿಗಿ ಮ್ಯಾಲೆ ಒಗದಾಂವ ನಾನು."

"ನಾನೂ ನಿಮ್ಮ ಭಾವಗ ಮಾಮಾ ಅಂತನ ಕರೀತಿದ್ದೆ." ಅತ್ತೆ ಆಯಿಯ ಕಡೆ ನೋಡಿದಳು. ಧ್ವನಿ ಸಣ್ಣದಾಯಿತು. "ಅವ್ವಾ, ಇನ್ನ ನಾ ಈ ಮನಿಗೆ ಯಾವ ನೆವದಿಂದ ಬರ್ಲಿ?"

ಉತ್ತರ ಕೊಟ್ಟವಳು ಆಯಿ ಅಲ್ಲ, ಅವ್ವ. ನಾದಿನಿಯನ್ನು ಅವಳು ತನ್ನ ತವರಿನ ರೂಢಿಯಂತೆ ವನ್ಸಂ ಎಂದು ಕರೆಯುತ್ತಿದ್ದಳು.

"ವನ್ಸಂ, ಖಾನಾಪುರದಾಗ ಮಗಳು ತವರಿಗೆ ಬರಾಕ ನೆವ ಕೇಳೂದಿಲ್ರಿ. ಮಗಳು ಅನ್ನೂದನ ನೆವ. ನಾ ಹೋಗಿ ಬರ್ತಿಲ್ಲೇನು? ನಾ ಅಲ್ಲೆ ಯಾರಿಗೆ ಹೆಣ್ಣು ಕೊಟ್ಟೇನಿ? ನಾಳೆ ಕಮಲಿ ಈ ಮನಿಗೆ ಬಂದ್ರ ನಿಮಗ ಕಾಲಿಗೆ ನೀರು ಕೊಡೋರು ಒಬ್ಬರಲ್ಲ, ಇಬ್ಬರು ಆಗ್ತೇವಿ. ಕಾಲು ತೊಳಕೊಳ್ರಿ. ಅನ್ನ ಆರ್ತದ."

ಅತ್ತೆ ಆ ನೀರಿನ ತಂಬಿಗೆಯನ್ನು ಎಷ್ಟು ಹೊತ್ತು ನೋಡುತ್ತ ನಿಂತಳೆಂಬುದಕ್ಕೆ ನನ್ನಲ್ಲಿ ಖಚಿತ ದಾಖಲೆಯಿಲ್ಲ. ಅಷ್ಟರಲ್ಲಿ ಗಂಗೆ ಕಾಲು ತೊಳೆದುಕೊಂಡು, ಒಳಗೆ ಹೋಗಿ, ನನ್ನ ಪಕ್ಕದಲ್ಲಿ ಎಲೆಯ ಮುಂದೆ ಕುಳಿತಾಗಿತ್ತು. ಅಲ್ಲಿಂದಲೇ ಕೂಗಿ ಕೇಳಿದಳು, "ಅವ್ವಾ, ಕಮಲಾಬಾಯಿ ನನಗ ಮಾಮಿ ಆದ್ರ ಇಂಗ್ಲಿಷ್ ಕಲಸ್ತಾಳಂತೇನು? ಗೋಕಾಕದಾಗ ಹುಡುಗ್ಯಾರಿಗೆ ಮುಂದಿನ ಇಯತ್ತೆ ಇಲ್ಲ. ನಾ ಇಲ್ಲೆ ಇರ್ತೇನಿ."

"ನಿನ್ನ ಯಾರು ಕೇಳಿದ್ರು?" ಎಂದಳು ಅತ್ತೆ.

"ಯಾರೂ ಕೇಳಲಿಲ್ಲ. ಅದಕ್ಕ ನಾನ ಹೇಳಿದೆ."

ಆಯಿ ಮೊದಲ ಸಲ ನಕ್ಕರು. ನಕ್ಕು ಕಣ್ಣು ಒರೆಸಿಕೊಂಡು, "ಇರ್ಲಿ ಬಿಡು ರಮಾ" ಎಂದರು. "ಸೊಸಿ ಆಗಿ ಬರೋದು ಇನ್ನ ಯಾವಾಗರೆ ಇತ್ತು. ಮೊಮ್ಮಗಳಾಗಿ ಈಗಿಂದ ಇರ್ತಾಳ."

ಅತ್ತೆ ಕಾಲು ತೊಳೆದಳು. ಊಟದ ನಡುವೆ ತಲೆಯೆತ್ತದೆ ತನ್ನ ಕರಾರು ಹೇಳಿದಳು: ಲಗ್ನದಲ್ಲಿ ಮದುಮಗನ ಬೆನ್ನಿಗೆ ಕಲಶ ಹಿಡಿದು ನಿಲ್ಲುವುದು ಮನೆಮಗಳ ಮಾನ, ಅದು ಗಂಗಿಗೇ ಸಿಗಬೇಕು, ಬೇರೆ ಯಾರಿಗೂ ಅಲ್ಲ. ಕಾಕಾ ತಮ್ಮ ಎಲೆಯ ಮೇಲಿನ ಅನ್ನವನ್ನು ಬಿಟ್ಟು ಅಕ್ಕನ ಕಾಲಿಗೆ ಬಗ್ಗಿದರು. "ಎಡಗೈಲೆ ಮುಟ್ಟತೀಯೇನೋ, ಉಣ್ಣು ಮೊದಲು" ಎಂದು ಅತ್ತೆ ಬಯ್ದಳು. ಬಯ್ದದ್ದು ಕೇಳಿ ಮನೆಯವರಿಗೆಲ್ಲ ಉಸಿರು ಬಂತು.

ಮಾಘದಲ್ಲಿ, ಖಾನಾಪುರದಲ್ಲಿ ಲಗ್ನವಾಯಿತು. ಬೆಳಗಾವಿಯಿಂದ ಹೊರಟ ರೈಲಿನಲ್ಲಿ ಒಂದಿಡೀ ಡಬ್ಬಿ ನಮ್ಮದೇ. ದೇಸೂರು ದಾಟುವ ಮೊದಲೇ ಹೆಂಗಸರು ಹಾಡಲು ಆರಂಭಿಸಿದ್ದರು. ಚಾಚಾನ ಮನೆಯವರು ಹಿಂದಿನ ದಿನವೇ ಗಾಡಿಯಲ್ಲಿ ಹೊರಟು ನಮಗಿಂತ ಮೊದಲು ತಲುಪಿ, ಹೆಣ್ಣಿನ ಕಡೆಯವರಂತೆ ನಮ್ಮನ್ನು ಸ್ಟೇಷನ್ನಿನಲ್ಲಿ ಎದುರುಗೊಂಡರು. ಮಲಪ್ರಭೆಯ ದಂಡೆಯ ಅವ್ವನ ತವರುಮನೆಯ ಅಂಗಳದಲ್ಲಿ ಎರಡೂ ಕಡೆಯ ಪುರೋಹಿತರು ಒಂದೇ ಮಂತ್ರವನ್ನು ಎರಡು ರಾಗಗಳಲ್ಲಿ ಹೇಳುತ್ತ ಒಬ್ಬರನ್ನೊಬ್ಬರು ಮೀರಿಸಲು ಹೆಣಗುತ್ತಿದ್ದರು. ನಾನು ಅಷ್ಟು ಸಂತೋಷದಿಂದ ಮತ್ತೆಂದೂ ಹೊಸ ಲಂಗವನ್ನು ಕೆಸರು ಮಾಡಿಕೊಂಡಿಲ್ಲ.

ಮಂಟಪದ ಬಳಿ ಖಾನಾಪುರದ ಹೆಂಗಸರು ಗುಂಪಾಗಿ ಕುಳಿತಿದ್ದರು. ಈ ಹುಡುಗ ತನ್ನ ಅಕ್ಕನ ಮಗಳಿಗೇ ಗೊತ್ತಾಗಿದ್ದವನೆಂಬ ಸುದ್ದಿ ಅಲ್ಲಿಗೂ ತಲುಪಿತ್ತು. ಮಾಮಾನಿಗೆ ಸೋದರಸೊಸೆಯನ್ನು ಕೊಡುವುದೆಂದರೆ ಅವರಿಗೆ ಕೇಳಬಾರದ ಮಾತು. ಮದುಮಗನ ಹಿಂದೆ ಕಲಶ ಹಿಡಿದು ನಿಂತಿದ್ದ ಗಂಗೆಯನ್ನು ನೋಡಿ ಅವರಲ್ಲಿ ಪಿಸುಮಾತು ಎದ್ದಿತು. ಕೊನೆಗೆ ಹಿರಿಯಳೊಬ್ಬಳು ಎಲ್ಲರಿಗೂ ಕೇಳುವಂತೆ, "ಹೀ ಕೋಣಾಚೀ ಮುಲಗೀ?" ಎಂದಳು. ಇವಳು ಯಾರ ಮಗಳು ಎಂಬುದೇನೋ ಸರಳವಾದ ಪ್ರಶ್ನೆ. ಕೇಳಿದ ರೀತಿ ಸರಳವಾಗಿರಲಿಲ್ಲ. ರಮಾ ಅತ್ತೆಯ ಮುಖ ಕೆಂಪಾಯಿತು. ಗಂಗೆಯ ಕೈಯಲ್ಲಿನ ಕಲಶ ಅಲುಗಿ ನೀರು ತುಳುಕಿತು. ಅಪ್ಪ ಗಂಟಲು ಸರಿಮಾಡಿಕೊಂಡು, ಇವಳು ನಮ್ಮ ಅಕ್ಕನ, ಅಂದರೆ ನಮ್ಮ ಸೋದರಮಾವನ, ಎಂದು ತಡವರಿಸುತ್ತ ವಿವರಿಸಲು ಹೊರಟರು.

ಆಯಿ ಎದ್ದು ಅಪ್ಪನನ್ನು ಪಕ್ಕಕ್ಕೆ ಸರಿಸಿದರು. ಮರಾಠಿ ಸೊಸೆಯನ್ನು ತಂದು, ಅವಳ ತಂಗಿಯನ್ನೂ ತರಲು ಬಂದಿದ್ದ ಅವರ ಬಾಯಿಂದ ಅಂದಿನವರೆಗೆ ಒಂದು ಮರಾಠಿ ಶಬ್ದ ಹೊರಟದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಗಂಗೆಯ ಹೆಗಲ ಮೇಲೆ ಕೈಯಿಟ್ಟು, ಆ ಹೆಂಗಸರ ಕಡೆ ನೋಡಿ ಹೇಳಿದರು:

"ಆಮಚೀ."

ನಮ್ಮವಳು. ಅತ್ತೆ ಮುಂದೆ ಬಂದು ಮಗಳ ಕೈಯಲ್ಲಿ ಓರೆಯಾಗಿದ್ದ ಕಲಶವನ್ನು ನೆಟ್ಟಗೆ ಮಾಡಿದಳು.